ಚಿಂಚಿಲ್ಲಾಕ್ಕೆ ಚೆರ್ರಿ ಕೊಂಬೆ ಕೊಡಬಹುದೇ?

ನಮಸ್ಕಾರ. ಹಿತ್ತಲಿನಲ್ಲಿ ಕತ್ತರಿಸಿದ ಚೆರ್ರಿ ಕೊಂಬೆಗಳನ್ನು ನಿಮ್ಮ ಚಿಂಚಿಲ್ಲಾಕ್ಕೆ (ಇಲಿಯಂತೆ ಕಡಿಯುವ ಸಣ್ಣ ಸಾಕುಪ್ರಾಣಿ) ಕಡಿಯಲು ಕೊಟ್ಟರೆ ಹಲ್ಲಿನ ಬೆಳವಣಿಗೆ ಹತೋಟಿಯಲ್ಲಿರುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಚೆರ್ರಿ, ಪ್ಲಮ್, ಪೀಚ್, ಏಪ್ರಿಕಾಟ್‌ನಂತಹ ಓಟೆಯ ಹಣ್ಣಿನ ಮರಗಳಲ್ಲಿ, ಅಗಿದಾಗ ಸಯನೈಡ್ ಬಿಡುವ ಅಂಶಗಳಿರುತ್ತವೆ. ಚಿಂಚಿಲ್ಲಾಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲವಾದ್ದರಿಂದ ನುಂಗಿದ್ದನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಪ್ಲಾಸ್ಟಿಕ್ ಆಟಿಕೆಗಳೂ ಬೇಡ, ಅವುಗಳ ಚೂರು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.

ಸೇಬು, ಪೇರ್ ಅಥವಾ ವಿಲೋ ಮರದ ಕಡ್ಡಿಗಳು ಒಳ್ಳೆಯವು. ಕೀಟನಾಶಕ ಸೋಕದ ಮರದಿಂದ ಬೆರಳು ಗಾತ್ರದ ಕಡ್ಡಿ ಮುರಿದು, ತೊಗಟೆಯನ್ನು ಹಾಗೆಯೇ ಬಿಟ್ಟು, ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಕೆಲವು ವಾರ ಚೆನ್ನಾಗಿ ಒಣಗಿಸಿ ಕೊಡಿ. ಬಣ್ಣ, ವಾರ್ನಿಷ್, ಅಂಟು ಯಾವುದೂ ಇರಬಾರದು. ನನ್ನ ಚಿಂಚಿಲ್ಲಾ ಮೊದಲು ಕಡ್ಡಿಯನ್ನು ಎರಡೂ ಮುಂಗೈಗಳಲ್ಲಿ ಹಿಡಿದು, ತೊಗಟೆಯನ್ನು ಉದ್ದಕ್ಕೂ ಸುಲಿದು ತಿಂದು, ಆಮೇಲೆ ಬಿಳಿಯ ತಿರುಳಿಗೆ ಬಾಯಿ ಹಾಕುತ್ತದೆ.

ಆದರೆ ಕಡ್ಡಿಗಳಿಂದ ಸವೆಯುವುದು ಮುಖ್ಯವಾಗಿ ಮುಂದಿನ 4 ಹಲ್ಲುಗಳು ಮಾತ್ರ. ಚಿಂಚಿಲ್ಲಾದ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ. ನಮ್ಮ ಕಣ್ಣಿಗೆ ಬೀಳದ 16 ದವಡೆ ಹಲ್ಲುಗಳನ್ನು ಸವೆಸುವುದು ಟಿಮೊಥಿಯಂತಹ ಒಣಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅಗಿಯುವ ಕೆಲಸವೇ. ಆದ್ದರಿಂದ ಹುಲ್ಲು ದಿನವಿಡೀ ಗೂಡಿನಲ್ಲಿರಲಿ. ಮುಂಹಲ್ಲು ಕಿತ್ತಳೆ ಬಣ್ಣದಲ್ಲಿದ್ದರೆ ಅದು ಆರೋಗ್ಯದ ಲಕ್ಷಣ, ಹೆದರಬೇಡಿ. ಗದ್ದ ಒದ್ದೆಯಾಗಿದ್ದರೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಮಾತ್ರ ತಡಮಾಡದೆ ಇಂತಹ ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.