18 ಸಾವಿರದ ಪುಟ್ಟ ಲ್ಯಾಪ್‌ಟಾಪ್ ಬಿಕಾಂಗೆ ಸಾಕಾ?

ನಿಮ್ಮ ಪ್ರಶ್ನೆ ಇದು: ತಂಗಿ ಚಿಕ್ಕಮಗಳೂರಲ್ಲಿ ಪಿಜಿಯಲ್ಲಿದ್ದುಕೊಂಡು ಬಿಕಾಂ ಓದುತ್ತಿದ್ದಾಳೆ. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಸ್ವಲ್ಪ ಕನ್ನಡ ಟೈಪಿಂಗ್ ಬೇಕು. 11.6 ಇಂಚಿನ ಹೊಸದೊಂದು 18 ಸಾವಿರಕ್ಕೆ ಸಿಗುತ್ತಿದೆ. ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲ್ ಇಡುವ ಜಾಗ). ಇದೇ ಸಾಕಾ, ಇನ್ನೊಂದು 6 ಸಾವಿರ ಹಾಕಬೇಕಾ?

ಇದು ಬೇಡ. 6 ಸಾವಿರ ಹಾಕಿ.

ಪ್ರೊಸೆಸರ್ ನಿಧಾನ ಅಂತ ಹೇಳುತ್ತಿಲ್ಲ. ಎನ್4020ರಲ್ಲಿ ಎರಡೇ ಕೋರ್, ನಿಜ. ಆದರೂ ಒಂದು ಸಮಯಕ್ಕೆ ಒಂದೇ ಕೆಲಸ ಅಂದರೆ ಟ್ಯಾಲಿ ಓಡುತ್ತದೆ, ಎಕ್ಸೆಲ್ಲೂ ಓಡುತ್ತದೆ. ತೊಂದರೆ ಇರುವುದು ಆ 64 ಜಿಬಿಯಲ್ಲಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಹೊಸದಾಗಿ ತಂದ ದಿನವೇ ನೀವು ಕೊನೆಯ ಮೆಟ್ಟಿಲ ಮೇಲೆ ನಿಂತಿರುತ್ತೀರಿ. ಇಎಂಎಂಸಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಂಥ ಅಗ್ಗದ ಮಾಡೆಲ್‌ಗಳಲ್ಲಿ ಹೆಚ್ಚಾಗಿ ರ‍್ಯಾಮ್ ಕೂಡ ಹಾಗೇ. ಮುಂದೆ ದುಡ್ಡು ಬಂದಾಗ ಹೆಚ್ಚಿಸಿಕೊಳ್ಳೋಣ ಅನ್ನೋ ಹಾಗಿಲ್ಲ.

ನಾನು ಇಲ್ಲೇ ಚಿಕ್ಕಮಗಳೂರಲ್ಲಿ ಒಂದು ಕಾಫಿ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಕೆಟ್ಟರೆ ಅದೂ ನನ್ನ ತಲೆಗೇ. ಗೋದಾಮಿನಲ್ಲಿ ತೂಕ ಬರೆಯಲು ಇಂಥದ್ದೇ ಒಂದು ಪುಟ್ಟ ಮೆಷಿನ್ ಇದೆ. ತೂಕ ಬರೆಯೋಕೆ ಅದು ಚೆನ್ನಾಗೇ ಇದೆ. ಆದರೆ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಜಾಗ ಸಾಲಲ್ಲ. ಫೈಲ್ ಅಳಿಸಬೇಕು, ಪೆನ್‌ಡ್ರೈವ್ ಹಾಕಬೇಕು, ಅರ್ಧ ದಿನ ಕಾಯಬೇಕು. ಪರೀಕ್ಷೆ ಹೊತ್ತಿಗೆ ನಿಮ್ಮ ತಂಗಿಗೆ ಇದು ಬೇಕಾ?

(2007ರಲ್ಲಿ ಬಂದ ಏಸಸ್ ಕಂಪನಿಯ 'Eee PC' ಅನ್ನೋ ಪುಟ್ಟ ಲ್ಯಾಪ್‌ಟಾಪ್‌ನಲ್ಲಿ 7 ಇಂಚಿನ ಪರದೆ, 4 ಜಿಬಿ ಸ್ಟೋರೇಜ್ ಇತ್ತು. ಆಗಲೂ ಜಾಗದ್ದೇ ಗೋಳು.)

24 ಸಾವಿರದ ಒಳಗೆ ನನ್ನ ಸಲಹೆ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್. ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಈ ಥರದವು. ಇಂಟೆಲ್‌ನ ಎಂಟನೇ ಜನರೇಷನ್ ಐ5 ಪ್ರೊಸೆಸರ್ ಇದ್ದರೆ ನಾಲ್ಕು ಕೋರ್ ಸಿಗುತ್ತದೆ. ರ‍್ಯಾಮ್, ಎಸ್‌ಎಸ್‌ಡಿ (ಫೈಲ್ ಇಡುವ ಡ್ರೈವ್) ಎರಡನ್ನೂ ಬದಲಿಸಬಹುದು. 8 ಜಿಬಿ, 256 ಜಿಬಿಗಿಂತ ಕಡಿಮೆ ಇದ್ದರೆ ತಗೋಬೇಡಿ.

ಎಂಟನೇ ಜನರೇಷನ್ ಅನ್ನೋದನ್ನು ಮಾತ್ರ ಬಿಡಬೇಡಿ. ಅಂಗಡಿಯವರು "ಐ7 ಇದೆ, ಅದೇ ರೇಟು" ಅಂತ ಆರು ಅಥವಾ ಏಳನೇ ಜನರೇಷನ್ನಿನದ್ದು ತೋರಿಸುತ್ತಾರೆ. ಅವು ಬಹುಮಟ್ಟಿಗೆ ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಪರದೆ ಫುಲ್ ಎಚ್‌ಡಿ (1920x1080) ಇದೆಯಾ ಅಂತಲೂ ಕೇಳಿ. ಇವುಗಳಲ್ಲಿ ಕೆಲವು 1366x768 ಪರದೆಯಲ್ಲೂ ಬಂದಿವೆ. ಅದರಲ್ಲಿ ಎಕ್ಸೆಲ್ ಕಾಲಂ ಅತ್ತಿತ್ತ ಎಳೆದಾಡಿಯೇ ಸಾಕಾಗುತ್ತದೆ.

ಈಗ ಇದರ ಕೆಟ್ಟ ಮುಖ: ಬ್ಯಾಟರಿ. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟ್ ಹೇಗೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ. ಎನ್4020 6 ವ್ಯಾಟಿನ ಚಿಪ್, ಈ ಐ5ಗಳು 15 ವ್ಯಾಟಿನವು. ಅದಕ್ಕೇ ಪುಟ್ಟ ಮೆಷಿನ್ ಸಣ್ಣ ಬ್ಯಾಟರಿಯಲ್ಲೂ ಜಾಸ್ತಿ ಹೊತ್ತು ಬರುತ್ತದೆ. ಹಳೆಯದರ ಬ್ಯಾಟರಿ ಅರ್ಧ ಸತ್ತಿದ್ದರೂ ಆಶ್ಚರ್ಯ ಇಲ್ಲ. ಕೊಳ್ಳುವ ಮೊದಲು ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದರಲ್ಲಿದ್ದ ಸಾಮರ್ಥ್ಯ), ಫುಲ್ ಚಾರ್ಜ್ ಕೆಪಾಸಿಟಿ (ಈಗ ಉಳಿದಿರುವುದು) ಎರಡೂ ಇರುತ್ತವೆ. ಎರಡನೆಯದು ಮೊದಲಿನದರ ಮುಕ್ಕಾಲಿಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಟಿ480ರಲ್ಲಿ ಹಿಂಭಾಗದ ಬ್ಯಾಟರಿಯನ್ನು ಕೈಯಲ್ಲೇ ತೆಗೆದು ಹಾಕಬಹುದು. ಮಲೆನಾಡಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ, ಸ್ವಲ್ಪ ಭಾರ ಆದರೂ ಪರವಾಗಿಲ್ಲ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕಡಿಮೆಗೆ ಸಿಗಬಹುದು. ಆದರೆ ಕೆಟ್ಟಾಗ ಅದನ್ನು ಹೊತ್ತುಕೊಂಡು ಮತ್ತೆ ಬೆಂಗಳೂರು ಬಸ್ಸು ಹತ್ತಬೇಕು. ಮೊದಲು ಇಲ್ಲೇ ಐಜಿ ರಸ್ತೆ ಕಡೆ, ಇಲ್ಲ ಹಾಸನದಲ್ಲಿ ವಿಚಾರಿಸಿ. ವಾರಂಟಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಹೊಸದೇ ಆಗಬೇಕು ಅಂದರೆ ಇಂಟೆಲ್ ಎನ್100 ಪ್ರೊಸೆಸರ್, 8 ಜಿಬಿ, ಎಸ್‌ಎಸ್‌ಡಿ ಇರುವುದು ನಿಮ್ಮ ಬಜೆಟ್ಟಿಗೆ ಬರುತ್ತದಾ ನೋಡಿ. ನಾಲ್ಕು ಕೋರ್, 6 ವ್ಯಾಟ್. ಕೆಲಸಕ್ಕೂ ಬ್ಯಾಟರಿಗೂ ಒಳ್ಳೆಯದು. ವಿಂಡೋಸ್ ಎಸ್ ಮೋಡ್‌ನಲ್ಲಿ (ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳನ್ನಷ್ಟೇ ಬಿಡುವ ವಿಂಡೋಸ್) ಬಂದರೆ ಗಾಬರಿ ಆಗಬೇಡಿ. ಅದರಲ್ಲಿ ಟ್ಯಾಲಿ ಇನ್‌ಸ್ಟಾಲ್ ಆಗಲ್ಲ, ಆದರೆ ಎಸ್ ಮೋಡ್‌ನಿಂದ ಆಚೆ ಬರೋಕೆ ದುಡ್ಡು ಕೊಡಬೇಕಿಲ್ಲ. ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಅಗ್ಗ ಅಂತ ಸುಮ್ನೆ ತಗೋಬೇಡಿ, ಟ್ಯಾಲಿ ಅದಕ್ಕೆ ಸರಿಯಾಗಿ ಕೂರಲ್ಲ.

ಇನ್ನೊಂದು: ನಾನು ಹೇಳಿದ ಆ ಮೂರು ಸೆಕೆಂಡ್ ಹ್ಯಾಂಡ್ ಮಾಡೆಲ್‌ಗಳಲ್ಲೂ ಪಕ್ಕದ ನಂಬರ್ ಪ್ಯಾಡ್ ಇಲ್ಲ. ಟ್ಯಾಲಿಯಲ್ಲಿ ವೋಚರ್ ಹಾಕೋಕೆ ಅದು ಬೇಕೇ ಬೇಕು. ಯುಎಸ್‌ಬಿ ನಂಬರ್ ಪ್ಯಾಡ್ ಒಂದನ್ನು ಅದೇ ಬಿಲ್ಲಿನಲ್ಲಿ ಸೇರಿಸಿ ಚೌಕಾಸಿ ಮಾಡಿ.