ಹೊಸ ಔಟ್‌ಬೋರ್ಡ್ ಮೋಟರಿಗೆ ಯಾವ ಪ್ರೊಪೆಲ್ಲರ್? ಮೊದಲು ಎತ್ತರ ನೋಡಿ

ಪ್ರಶ್ನೆ: ನಾವು ಐವರು ಗೆಳೆಯರು ಜಲಸಾಹಸ ತರಬೇತಿಗಾಗಿ 14 ಅಡಿಯ ಫೈಬರ್ ದೋಣಿಯೊಂದನ್ನು ಇಟ್ಟುಕೊಂಡಿದ್ದೇವೆ. ಈಚೆಗೆ ಅದಕ್ಕೆ 40 ಅಶ್ವಶಕ್ತಿಯ ಹೊಸ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಮೋಟರ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗಲಿಸುವ ಎಂಜಿನ್) ಕೂರಿಸಿದೆವು. ಜೊತೆಗೆ ಬಂದದ್ದು ಮೂರು ರೆಕ್ಕೆಯ, 13 ಇಂಚು ಪಿಚ್‌ನ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಅಲ್ಯೂಮಿನಿಯಂ ಪ್ರೊಪೆಲ್ಲರ್. ಬೆಂಗಳೂರಿನ ಹೊರವಲಯದ ಕೆರೆಯಲ್ಲಿ ಐವರೂ ಕುಳಿತು ಪೂರ್ತಿ ಥ್ರಾಟಲ್ ಕೊಟ್ಟರೆ 4,800 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಬರುತ್ತದೆ. ಇಬ್ಬರೇ ಇದ್ದರೆ 5,200. ಕೈಪಿಡಿಯಲ್ಲಿ 5,000ದಿಂದ 6,000 ಬರಬೇಕೆಂದಿದೆ. ಗೇರ್ ಅನುಪಾತ 2:1. ಐವರಿದ್ದಾಗ ಜಿಪಿಎಸ್ ತೋರಿಸುವ ವೇಗ ಗಂಟೆಗೆ 37 ಕಿ.ಮೀ. ದೋಣಿ ಮೇಲೆದ್ದು ನೀರಿನ ಮೇಲ್ಮೈಯಲ್ಲಿ ಜಾರಿದಂತೆ ಓಡಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಹಿಂಬದಿಯಲ್ಲಿ ನೀರು ಸಿಡಿದು ಒಳಗೂ ಬೀಳುತ್ತದೆ. ಮಾರಿದವರು ‘ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ’ ಎನ್ನುತ್ತಾರೆ. ನಾವು ಸ್ಟೀಲ್ ಪ್ರೊಪೆಲ್ಲರ್ ಕೊಳ್ಳಬೇಕೆ? ವರ್ಷಕ್ಕೆ ಒಂದೆರಡು ಸಲ ದೋಣಿಯನ್ನು ಕುಂದಾಪುರಕ್ಕೂ ಒಯ್ಯುತ್ತೇವೆ.
– ಓದುಗರು, ವಿದ್ಯಾರಣ್ಯಪುರ

ಉತ್ತರ: ಓಡಿಸಿದಷ್ಟೂ ಇದು ಸರಿಹೋಗುವುದಿಲ್ಲ, ಕೆಡುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೂ ತನ್ನ ಮಿತಿಯ ಕೆಳ ಅಂಚನ್ನು ಮುಟ್ಟಲಾಗದ ಎಂಜಿನ್, ಟಾಪ್ ಗೇರಿನಲ್ಲಿ ಶಿರಾಡಿ ಘಾಟಿ ಹತ್ತುವ ಲಾರಿಯಂತೆ ಮುಕ್ಕರಿಯುತ್ತಿರುತ್ತದೆ. ಪಿಸ್ಟನ್, ಬೇರಿಂಗುಗಳ ಮೇಲೆ ಹೊರೆ ಬೀಳುತ್ತದೆ, ಇಂಗಾಲ ಕಟ್ಟುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ಆದರೆ ಪ್ರೊಪೆಲ್ಲರಿಗೆ ಹಣ ಹಾಕುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿಕೊಳ್ಳಿ. ನೀವು ಹೇಳಿರುವ ಲಕ್ಷಣಗಳಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆರ್‌ಪಿಎಂ ಅಲ್ಲ, ಹಿಂಬದಿಯಲ್ಲಿ ಸಿಡಿಯುವ ನೀರು.

ದೋಣಿಯನ್ನು ಟ್ರೇಲರಿನ ಮೇಲೆ ನಿಲ್ಲಿಸಿ, ಮೋಟರನ್ನು ನೇರಕ್ಕೆ ಇಳಿಸಿ. ಪ್ರೊಪೆಲ್ಲರಿನ ತುಸು ಮೇಲೆ ಅಡ್ಡಲಾಗಿ ಚಾಚಿಕೊಂಡ ಚಪ್ಪಟೆ ತಟ್ಟೆಯೊಂದಿದೆಯಲ್ಲ, ಮೆಕ್ಯಾನಿಕ್‌ಗಳು ಅದನ್ನು ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ. ಗಾರೆಯವರ ಬಳಿಯಿರುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ದೋಣಿಯ ತಳಕ್ಕೆ, ನಡುಗೆರೆಯ ಗುಂಟ ಒತ್ತಿಹಿಡಿದು ಹಿಂದಕ್ಕೆ ಚಾಚಿದರೆ, ಅದು ಆ ತಟ್ಟೆಯ ಮಟ್ಟಕ್ಕೆ ಬರಬೇಕು. ತಟ್ಟೆ ಅದಕ್ಕಿಂತ ಒಂದು ಇಂಚಿನಷ್ಟು ಕೆಳಗಿದ್ದರೆ ಅಡ್ಡಿಯಿಲ್ಲ. ಎರಡು, ಎರಡೂವರೆ ಇಂಚು ಕೆಳಗಿದ್ದರೆ ಮೋಟರಿನ ಕಾಲು ಬೇಡದಷ್ಟು ನೀರನ್ನು ಸೀಳಿಕೊಂಡು ಹೋಗುತ್ತಿದೆ ಎಂದರ್ಥ. ಸಿಡಿತಕ್ಕೂ, ಕಳೆದುಹೋದ ಆರ್‌ಪಿಎಂನ ಒಂದು ಪಾಲಿಗೂ ಅದೇ ಕಾರಣ. ಕೂರಿಸುವ ಬ್ರಾಕೆಟ್ಟಿನಲ್ಲಿ ಬೋಲ್ಟಿನ ತೂತುಗಳು ಸಾಮಾನ್ಯವಾಗಿ ಮುಕ್ಕಾಲು ಇಂಚಿಗೊಂದರಂತೆ ಇರುತ್ತವೆ. ಒಂದು ತೂತಿನಷ್ಟು ಎತ್ತಿ, ಓಡಿಸಿ ನೋಡಿ, ಆಮೇಲೆ ಇನ್ನೊಂದು. ತಿರುವಿನಲ್ಲಿ ಎಂಜಿನ್ ಏಕಾಏಕಿ ಕಿರುಚಿ ದೋಣಿಯ ಹಿಡಿತ ತಪ್ಪಿತೆಂದರೆ ಅತಿಯಾಯಿತು, ಒಂದು ತೂತು ಇಳಿಸಿ. ದೋಣಿಯಲ್ಲಿ ಹಳೆಯ ಬೋಲ್ಟಿನ ತೂತುಗಳು ಖಾಲಿ ಉಳಿದರೆ ಮರೆಯದೆ ಮೆರೀನ್ ಸೀಲಂಟ್ ತುಂಬಿ ಮುಚ್ಚಬೇಕು, ಇಲ್ಲವಾದರೆ ಫೈಬರಿನೊಳಗಿನ ಮರದ ಹಲಗೆ ನೀರು ಕುಡಿದು ಕೊಳೆಯುತ್ತದೆ.

ಅಂದಹಾಗೆ, ಆ ತಟ್ಟೆಯ ಹೆಸರೇ ತಪ್ಪು. ಅದು ತಡೆಯುವುದು ಪ್ರೊಪೆಲ್ಲರ್ ಮೇಲಿನ ಗಾಳಿಯನ್ನು ಎಳೆದುಕೊಳ್ಳುವುದನ್ನು, ಅಂದರೆ ವೆಂಟಿಲೇಶನ್ನನ್ನು. ಕ್ಯಾವಿಟೇಶನ್ ಬೇರೆಯೇ ಸಂಗತಿ: ರೆಕ್ಕೆಯ ಮೇಲೆ ಒತ್ತಡ ತೀರ ಕುಸಿದು, ತಣ್ಣೀರೇ ಕುದಿದು ಗುಳ್ಳೆಯಾಗಿ, ಆ ಗುಳ್ಳೆ ಒಡೆದು ಲೋಹವನ್ನು ಕೊರೆಯುವುದು. ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುತ್ತದೆಂಬುದು ಬೆಂಗಳೂರಿನ ಅಡುಗೆಮನೆಗೂ ಗೊತ್ತಿರುವ ವಿಷಯ; ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ನಿಮ್ಮ ಪ್ರಶ್ನೆಯ ಒಳಗೇ ಅಡಗಿರುವ ಇನ್ನೊಂದು ಎತ್ತರಕ್ಕೆ ಇದೇ ದಾರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಏಕೆಂದರೆ ಗಾಳಿ ತೆಳು. ಅಂದರೆ ನೀವು 40 ಅಶ್ವಶಕ್ತಿ ಎಂದು ಕೊಂಡದ್ದು ನಿಮ್ಮ ಕೆರೆಯಲ್ಲಿ 36ರ ಆಸುಪಾಸಿನಲ್ಲಿ ದುಡಿಯುತ್ತಿದೆ. ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲಿನ ಪ್ರಮಾಣವನ್ನು ಸರಿದೂಗಿಸಿಕೊಂಡೀತೇ ಹೊರತು, ಇಲ್ಲದ ಗಾಳಿಯನ್ನು ಅದು ತರಲಾರದು. ಪೆಟ್ಟಿಗೆಯ ಜೊತೆಗೆ ಬರುವ ಪ್ರೊಪೆಲ್ಲರ್ ಸಮುದ್ರಮಟ್ಟದ ಹಗುರ ದೋಣಿಗೆ ಹೊಂದಬಹುದು; ಐವರು ಕೂರುವ ನಿಮ್ಮ ಕೆರೆಯ ದೋಣಿಗೆ ಅದು ಭಾರವೆಂಬುದರಲ್ಲಿ ಅಚ್ಚರಿಯಿಲ್ಲ.

ಈಗ ಪಿಚ್. ಸ್ಕ್ರೂ ಒಂದು ಸುತ್ತಿಗೆ ಮರದೊಳಗೆ ಎಷ್ಟು ಇಳಿಯುತ್ತದೋ ಹಾಗೆ, ಪ್ರೊಪೆಲ್ಲರ್ ಒಂದು ಸುತ್ತಿಗೆ ನೀರಿನಲ್ಲಿ ಎಷ್ಟು ಮುಂದೆ ಹೋಗಬೇಕೋ ಅದೇ ಪಿಚ್. ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ಅಷ್ಟು ಹೋಗುವುದಿಲ್ಲ. ಆ ಕೊರತೆಗೆ ಸ್ಲಿಪ್ ಎನ್ನುತ್ತಾರೆ. ನಿಮ್ಮದೇ ಲೆಕ್ಕ ನೋಡಿ: 4,800ನ್ನು ಗೇರ್ ಅನುಪಾತ 2ರಿಂದ ಭಾಗಿಸಿದರೆ ಪ್ರೊಪೆಲ್ಲರ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತದೆ. 13 ಇಂಚಿನಂತೆ ಅದು ಗಂಟೆಗೆ 47.5 ಕಿ.ಮೀ. ಆಗಬೇಕಿತ್ತು, ಆದದ್ದು 37. ಸ್ಲಿಪ್ ಶೇ 22. ಮೇಲೆದ್ದು ಓಡುವ ಇಂಥ ದೋಣಿಗಳಲ್ಲಿ ಶೇ 10ರಿಂದ 20 ಸಹಜ. ಪಿಚ್ ಅತಿಯಾಗಿ, ಹೊರೆ ಹೆಚ್ಚಾಗಿ, ಮೋಟರ್ ಆಳಕ್ಕೆ ಕುಳಿತಿರುವುದನ್ನು ಈ ಅಂಕಿಯೂ ಹೇಳುತ್ತಿದೆ.

ಪಿಚ್‌ನಲ್ಲಿ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆಂಬುದು ಈ ಕಸುಬಿನಲ್ಲಿ ಎಲ್ಲರೂ ನೆಚ್ಚುವ ಲೆಕ್ಕ. ನಿಮಗೆ ನಾನು ಸೂಚಿಸುವುದು 11 ಇಂಚಿನದು. ಐವರಿದ್ದಾಗ 5,100ರಿಂದ 5,200, ಇಬ್ಬರಿದ್ದಾಗ 5,500ರಿಂದ 5,600 ಬರಬೇಕು. ಮೋಟರನ್ನು ಎತ್ತಿದ್ದರಿಂದ ಬರುವ ಲಾಭ ಅದರ ಮೇಲಿನದು. ಕುಂದಾಪುರದಲ್ಲಿ ಎಂಜಿನಿಗೆ ಪೂರ್ತಿ ಗಾಳಿ ಸಿಕ್ಕಿ, ಅದೇ ಪ್ರೊಪೆಲ್ಲರಿಗೆ ಇನ್ನೂ ನೂರೈವತ್ತರ ಆಸುಪಾಸು ಏರಬಹುದು. ಆಗಲೂ ನೀವು 6,000ದ ಒಳಗೇ ಇರುತ್ತೀರಿ. ಅಲ್ಲಿ ಇಬ್ಬರೇ ಹೋಗುವ ದಿನ ಮೀಟರಿನ ಮೇಲೊಂದು ಕಣ್ಣಿರಲಿ. ಹಳೆಯ 13 ಇಂಚಿನದನ್ನು ಮಾರಬೇಡಿ, ಬಿಡಿಯಾಗಿ ದೋಣಿಯಲ್ಲೇ ಇರಲಿ.

ಸ್ಟೀಲ್ ಬೇಡವೆಂದೇ ನನ್ನ ಅಭಿಪ್ರಾಯ. ಅದರ ರೆಕ್ಕೆ ತೆಳುವಾದರೂ ಬಾಗುವುದಿಲ್ಲ, ವೇಗ ತುಸು ಹೆಚ್ಚು, ನಿಜ. ಆದರೆ ನಮ್ಮ ಕೆರೆಗಳ ತಳದಲ್ಲಿ ಬಂಡೆಯಿದೆ, ಮುಳುಗಿದ ಬೇಲಿಕಂಬವಿದೆ, ಗಣಪತಿ ವಿಸರ್ಜನೆಯ ತಂತಿ, ಮರದ ಚೌಕಟ್ಟುಗಳಿವೆ. ಅಲ್ಯೂಮಿನಿಯಂ ರೆಕ್ಕೆ ತಾನು ಮುರಿದು ಗೇರನ್ನು ಉಳಿಸುತ್ತದೆ. ಸ್ಟೀಲ್ ತಾನು ಉಳಿದು ಪೆಟ್ಟನ್ನು ಒಳಗಿನ ಶಾಫ್ಟಿಗೆ ದಾಟಿಸಬಹುದು. ನಾಲ್ಕು ರೆಕ್ಕೆಯದರ ಬಗ್ಗೆ ನೀವು ಕೇಳಿಲ್ಲವಾದರೂ, ಸದಾ ಐವರನ್ನು ಹೊತ್ತು ನಿಧಾನವಾಗಿ ಸುತ್ತುವ ಸುರಕ್ಷತಾ ದೋಣಿಗೆ ಅದು ಒಳ್ಳೆಯ ಆಯ್ಕೆ: ಬೇಗ ಮೇಲೇಳುತ್ತದೆ, ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ, ಕೊನೆಯ ವೇಗ ಕೊಂಚ ಕಡಿಮೆ. ಅದನ್ನು ಕೊಳ್ಳುವುದಾದರೆ ಪಿಚ್ ಇನ್ನೂ ಒಂದು ಇಂಚು ಇಳಿಸಿ.

ಪ್ರೊಪೆಲ್ಲರ್ ಬದಲಿಸುವಾಗ ಶಾಫ್ಟಿನ ಹಲ್ಲುಗಳಿಗೆ ಮೆರೀನ್ ಗ್ರೀಸ್ ಹಚ್ಚಿ, ಪ್ರೊಪೆಲ್ಲರಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಲೋಹದ ಬಳೆಯ (ಥ್ರಸ್ಟ್ ವಾಷರ್) ಓರೆ ಮೊದಲಿದ್ದಂತೆಯೇ ಕೂತಿತೇ ನೋಡಿ, ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಕೆಲಸ ಶುರುಮಾಡುವ ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕಿತ್ತಿಡಿ. ನ್ಯೂಟ್ರಲ್‌ನಲ್ಲಿದೆ ಎಂಬ ನಂಬಿಕೆಯಿಂದ ಬೆರಳು ಕಳೆದುಕೊಂಡವರಿದ್ದಾರೆ. ಎಂಜಿನಿನ ಮೊದಲ ಹತ್ತು ಗಂಟೆ ಮುಗಿದಿರದಿದ್ದರೆ ಪೂರ್ತಿ ಥ್ರಾಟಲ್ ಪರೀಕ್ಷೆಯನ್ನು ಕೈಪಿಡಿ ಹೇಳುವಷ್ಟು ಹೊತ್ತಿಗೆ ಮಾತ್ರ ಸೀಮಿತಗೊಳಿಸಿ. ಗಾಳಿಯ ಪ್ರಭಾವ ಕಳೆಯಲು ಹೋಗುವಾಗೊಮ್ಮೆ, ಬರುವಾಗೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಟ್ಯಾಂಕ್ ಅರ್ಧ ತುಂಬಿರಲಿ, ನಿತ್ಯ ಒಯ್ಯುವ ಲೈಫ್ ಜಾಕೆಟ್, ಲಂಗರು ಎಲ್ಲ ಒಳಗಿರಲಿ.

ಪ್ರಶ್ನೆ: ನಮ್ಮ ಹಳೆಯ 15 ಅಶ್ವಶಕ್ತಿಯ ಮೋಟರ್ ಒಮ್ಮೆ ಬಂಡೆಗೆ ತಗುಲಿತು. ಅಂದಿನಿಂದ ನಿಧಾನವಾಗಿ ಚೆನ್ನಾಗಿ ಹೋಗುತ್ತದೆ, ಥ್ರಾಟಲ್ ಏರಿಸಿದರೆ ಎಂಜಿನ್ ಮಾತ್ರ ಜೋರಾಗಿ ಕೂಗುತ್ತದೆ. ಗೇರ್‌ಬಾಕ್ಸ್ ಬಿಚ್ಚಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. – ಓದುಗರು, ಯಲಹಂಕ

ಉತ್ತರ: ಸದ್ಯಕ್ಕೆ ಬಿಚ್ಚಿಸಬೇಡಿ. ಪ್ರೊಪೆಲ್ಲರಿನ ಒಳಗೆ ಲೋಹದ ತೋಳು ಮತ್ತು ಹೊರಗವಚದ ನಡುವೆ ರಬ್ಬರ್ ಬುಷ್ ಇರುತ್ತದೆ, ಪೆಟ್ಟು ಬಿದ್ದಾಗ ಜಾರಿ ಗೇರನ್ನು ಕಾಪಾಡುವುದೇ ಅದರ ಕೆಲಸ. ಒಮ್ಮೆ ಸಡಿಲಗೊಂಡರೆ ಕಡಿಮೆ ಹೊರೆಯಲ್ಲಿ ಹಿಡಿಯುತ್ತದೆ, ಹೊರೆ ಏರಿದೊಡನೆ ಜಾರುತ್ತದೆ. ಪ್ರೊಪೆಲ್ಲರ್ ಕಳಚಿ, ಒಳತೋಳಿನಿಂದ ಹೊರಗವಚದವರೆಗೆ ಪೇಂಟಿನಿಂದ ಒಂದು ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಹಾಕಿ ಜೋರಾಗಿ ಓಡಿಸಿ, ಮತ್ತೆ ಕಳಚಿ ನೋಡಿ. ಗೆರೆ ಮುರಿದು ಎರಡು ತುಂಡು ಅಕ್ಕಪಕ್ಕ ಸರಿದಿದ್ದರೆ ಬುಷ್ ಹೋಗಿದೆ, ಗೇರ್‌ಬಾಕ್ಸ್ ಅಲ್ಲ. ಗೆರೆ ಹಾಗೆಯೇ ಇದ್ದರೆ ಮೆಕ್ಯಾನಿಕ್ ಮಾತಿಗೆ ಕಿವಿಗೊಡಿ.