ಏಪ್ರಿಲ್‌ನಲ್ಲಿ ಹಾಕಿದ್ದು, ಆಗಸ್ಟ್‌ನಲ್ಲಿ ಹಾಕದೆ ಬಿಟ್ಟದ್ದು

ಸಂಪಾದಕರ ಉತ್ತರ

(ಕೊಡಗಿನ ನಾಪೋಕ್ಲು ಕಡೆಯ ನಿವೃತ್ತ ಸುಬೇದಾರರೊಬ್ಬರು ಐದು ಪುಟದ ಪತ್ರ ಬರೆದಿದ್ದಾರೆ. ಹೆಸರು, ಮನೆತನ ಯಾವುದೂ ಬೇಡ ಎಂದಿದ್ದಾರೆ. ಪತ್ರದ ಸಾರ ಇದು: "ಮಗಳಿಗೆ ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 562 ಬಂತು. ಅಂದೇ ನಮ್ಮ ಒಕ್ಕದ, ಅಂದರೆ ಮನೆತನದವರ, ವಾಟ್ಸಾಪ್ ಗುಂಪಿಗೆ ಸ್ಕ್ರೀನ್‌ಶಾಟ್ ಹಾಕಿದೆ. ಸಂಜೆವರೆಗೂ ಅಭಿನಂದನೆ ಬರುತ್ತಲೇ ಇತ್ತು. ಆಮೇಲೆ ಸಿಇಟಿ ಸೀಟು ಹಂಚಿಕೆಯಾಯಿತು. ಒಬ್ಬೊಬ್ಬರೇ ಮಕ್ಕಳ ಸೀಟು ಹಾಕತೊಡಗಿದರು. ಬೆಂಗಳೂರಿನ ಕಂಪ್ಯೂಟರ್ ಸೈನ್ಸ್, ಮೈಸೂರಿನ ಎಐ, ಒಬ್ಬನದು ಮಡಿಕೇರಿಯಲ್ಲೇ ಮೆಡಿಕಲ್. ನನ್ನ ಮಗಳು ಪೊನ್ನಂಪೇಟೆಯ ಫಾರೆಸ್ಟ್ರಿ ತೆಗೆದುಕೊಂಡಳು. ನಾನು ಅದನ್ನು ಹಾಕಲಿಲ್ಲ, ಕಕ್ಕಡ ಹದಿನೆಂಟರ ಮದ್ದು ಪಾಯಸದ ಫೋಟೊ ಹಾಕಿದೆ. ಹತ್ತು ದಿನದಿಂದ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಕೇಳಿದರೆ, 'ಮದ್ದು ಪಾಯಸದ ಫೋಟೊ ಹಾಕಿದ್ರಲ್ಲ ಪಪ್ಪಾ, ಅಷ್ಟು ಸಾಕು' ಅಂದಳು. ಮಕ್ಕಳ ಫಲಿತಾಂಶ ಹಂಚಿಕೊಂಡು ತೂಗಿ ನೋಡುವ ಈ ಚಾಳಿಯ ವಿರುದ್ಧ ನಿಮ್ಮ ಪತ್ರಿಕೆ ಬರೆಯಬೇಕು.")

ಸುಬೇದಾರರೇ,

ನಿಮ್ಮ ಪತ್ರದ ನೆತ್ತಿಯಲ್ಲಿ, ದಿನಾಂಕದ ಪಕ್ಕದಲ್ಲೇ, 'ಮಳೆ 3 ಇಂಚು 20 ಸೆಂಟು' ಎಂದು ಬರೆದಿದ್ದೀರಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು). ಪತ್ರದ ವಿಷಯಕ್ಕೂ ಅದಕ್ಕೂ ಸಂಬಂಧವಿಲ್ಲ, ಕೈ ತಾನಾಗಿ ಬರೆದಿರಬೇಕು. ಮಳೆಗಾಲದಲ್ಲಿ ನಮಗೆ ಬರುವ ಪತ್ರಗಳಲ್ಲಿ ಇದು ಹೊಸದೇನಲ್ಲ. ಅಂಗಳದಲ್ಲಿ ಮಳೆಮಾಪಕ ಇಟ್ಟು, ಬೆಳಗಿನ ಕಾಫಿಗೆ ಮೊದಲೇ ಅಳೆದು, ಡೈರಿಗೆ ಬರೆದು, ಆಮೇಲೆ ನಾಲ್ಕು ಮಂದಿಗೆ ಫೋನ್ ಹಚ್ಚಿ 'ನಿಮ್ಮಲ್ಲಿ ಎಷ್ಟು?' ಎಂದು ಕೇಳದಿದ್ದರೆ ದಿನ ಶುರುವಾಗದ ಜನ ನಾವು. ಇಂಥವರ ಮುಂದೆ ನಿಂತು ಹೋಲಿಕೆ ಮಾಡಬೇಡಿ ಎಂದು ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾಗಿ ನೀವು ಕೇಳಿದ ಲೇಖನ ನಾನು ಬರೆಯುವುದಿಲ್ಲ. ಬೇಸರಿಸಬೇಡಿ.

ಹಂಚಿಕೊಳ್ಳುವುದರಲ್ಲಿ ಲಾಭವೂ ಇದೆ. ತೋಟದ ಮನೆಯಲ್ಲಿ ಕೂತವರಿಗೆ ಎಷ್ಟು ರ‍್ಯಾಂಕಿಗೆ ಎಲ್ಲಿ ಸೀಟು ಸಿಗುತ್ತದೆ ಎಂದು ಹೇಳುವವರು ಯಾರು? ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಹಾಕುತ್ತದೆ, ನಿಜ. ಆದರೆ ಜಿಎಂ, ಜಿಎಂಆರ್, 3ಎಜಿ ಅಂತ ಪ್ರವೇಶ ವರ್ಗಗಳ ಗುರುತಿರುವ ಆ ಕಾಲಂಗಳಲ್ಲಿ ನಮ್ಮ ಮಗುವಿನದು ಯಾವುದು ಎಂದು ಮೊದಲ ಸಲ ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ ಮಾಡಿಸಿಡಬೇಕು, ಅಪ್ಪ ಸೈನ್ಯದಲ್ಲಿದ್ದರೆ ಸೈನಿಕರ ಮಕ್ಕಳ ಕೋಟಾ ಎಂಬುದೊಂದು ಇದೆ ಎಂದು ಕಿವಿಗೆ ಹಾಕುವವರು ಹೋದ ವರ್ಷ ಮಗನನ್ನು ಸೇರಿಸಿ ಬಂದ ಚಿಕ್ಕಪ್ಪನೋ ಅತ್ತೆಯೋ ಆಗಿರುತ್ತಾರೆ. ಒಕ್ಕದ ಗುಂಪು ಬಾಯಿ ಮುಚ್ಚಿದರೆ ಇದೂ ನಿಲ್ಲುತ್ತದೆ.

ತೊಡಕು ಬೇರೆ ಕಡೆ ಇದೆ. ಭಾಗಮಂಡಲದಲ್ಲಿ ಎಂಟು ಇಂಚು, ಕುಶಾಲನಗರದಲ್ಲಿ ಅರ್ಧ ಇಂಚು ಎಂದರೆ ಕುಶಾಲನಗರ ಸೋತಿತು ಎಂದು ಯಾರೂ ಅನ್ನುವುದಿಲ್ಲ. ಇಂಚಿನ ಪಕ್ಕ ಊರಿನ ಹೆಸರಿರುತ್ತದೆ, ಘಟ್ಟದ ಅಂಚು ಯಾವುದು, ಮೈಸೂರು ಕಡೆಯ ಬಯಲು ಯಾವುದು ಎಂದು ಮಕ್ಕಳಿಗೂ ಗೊತ್ತು. ಗುಂಪಿಗೆ ಬರುವ ರ‍್ಯಾಂಕಿಗೆ ಮಾತ್ರ ಊರಿರುವುದಿಲ್ಲ.

ಒಬ್ಬರು '95' ಎಂದು ಹಾಕುತ್ತಾರೆ. ಅದು ಪಿಯುಸಿಯ ಶೇಕಡಾ 95 ಆಗಿರಬಹುದು, ಜೆಇಇ ಮೇನ್‌ನ 95 ಪರ್ಸೆಂಟೈಲ್ ಆಗಿರಬಹುದು. ಎರಡನೆಯದಾದರೆ ಅದು ಅಂಕವೇ ಅಲ್ಲ. ನೂರು ಮಂದಿಯಲ್ಲಿ ಐವರು ಮುಂದಿದ್ದಾರೆ ಎಂದು ಅರ್ಥ. ಹತ್ತು ಲಕ್ಷ ಮಂದಿ ಬರೆದರೆ ಮುಂದಿರುವವರು 50 ಸಾವಿರ. ನೀಟ್‌ನಲ್ಲಂತೂ ಹೋದ ವರ್ಷದ ಅಂಕದ ಜೊತೆ ಈ ವರ್ಷದ್ದನ್ನು ಇಟ್ಟು ನೋಡುವುದೇ ತಪ್ಪು. 2024ರಲ್ಲಿ ಫಲಿತಾಂಶ ಪರಿಷ್ಕರಣೆಯಾದ ಮೇಲೂ 720ಕ್ಕೆ 720 ತೆಗೆದವರು ದೇಶದಲ್ಲಿ 17 ಮಂದಿ ಉಳಿದರು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಅಣ್ಣನಿಗಿಂತ ತಮ್ಮನಿಗೆ ಮೂವತ್ತು ಅಂಕ ಕಡಿಮೆ ಎಂದು ಆ ವರ್ಷ ಎಷ್ಟು ಮನೆಗಳಲ್ಲಿ ಮುಖ ಬಾಡಿತೋ. ಸಿಇಟಿಯಲ್ಲಿ ಒಂದೇ ಮಗುವಿಗೆ ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಪಶುವೈದ್ಯ, ಫಾರ್ಮಸಿ ಎಂದು ಬೇರೆ ಬೇರೆ ರ‍್ಯಾಂಕು ಬರುತ್ತದೆ. ಗುಂಪಿಗೆ ಬರುವುದು ಅವುಗಳಲ್ಲಿ ಯಾವುದು ಚಿಕ್ಕದೋ ಅದು!

ಇನ್ನು ಸೀಟು. ಬೆಂಗಳೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಮೂವರು ಕೂತಿರುತ್ತಾರೆ. ಒಬ್ಬ ಸಿಇಟಿಯ ಸರ್ಕಾರಿ ಸೀಟಿನವನು, ಇನ್ನೊಬ್ಬ ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌ಕೆಯವನು, ಮೂರನೆಯವನು ಮ್ಯಾನೇಜ್‌ಮೆಂಟಿನವನು. ಪಾಠ ಒಂದೇ, ಕಟ್ಟಿದ ಫೀಸು ಮೂರು ಬಗೆ. ಸ್ಕ್ರೀನ್‌ಶಾಟ್ ಕತ್ತರಿಸುವಾಗ ಕಾಲೇಜಿನ ಹೆಸರು ಒಳಗಿರುತ್ತದೆ, ಫೀಸಿನ ಸಾಲು ಹೊರಗೆ ಬಿದ್ದಿರುತ್ತದೆ. ಸುಳ್ಳು ಹೇಳಿದ್ದಾರೆ ಅನ್ನುವಂತಿಲ್ಲ. ಆದರೆ ಅದನ್ನು ನೋಡಿ ಮಗನನ್ನು ಬಯ್ಯುವ ಅಪ್ಪನಿಗೆ, ಆ ಸೀಟಿಗೆ ತೋಟದ ಯಾವ ತುಂಡು ಅಡವಾಗಿದೆ ಎಂದು ಗೊತ್ತಿರುವುದಿಲ್ಲ.

ಇಷ್ಟೆಲ್ಲ ಬರೆದದ್ದು ನಿಮಗೆ ಸಮಾಧಾನ ಹೇಳಲಿಕ್ಕಲ್ಲ. ನಿಮ್ಮ ಪತ್ರದ ನಾಲ್ಕನೇ ಪುಟಕ್ಕೆ ಬರಲಿಕ್ಕೆ.

ಅಲ್ಲಿ ನೀವು ಆಪ್ಷನ್ ಎಂಟ್ರಿಯ ದಿನ, ಅಂದರೆ ಬೇಕಾದ ಸೀಟುಗಳನ್ನು ಕ್ರಮವಾಗಿ ತುಂಬುವ ದಿನ, ನಡೆದದ್ದನ್ನು ಬರೆದಿದ್ದೀರಿ. ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಜೀಪು ತೆಗೆದುಕೊಂಡು ಏರು ಹತ್ತಿ, ರಸ್ತೆ ಬದಿ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಮೊಬೈಲ್ ಚಾರ್ಜಿಗೆ ಹಾಕಿ, ಅಪ್ಪ ಮಗಳು ಒಳಗೆ ಕೂತಿರಿ. ಗಾಜಿನ ಮೇಲೆ ಮಳೆ. ಅವಳು ಮೊದಲ ಸಾಲಿನಲ್ಲಿ ಪೊನ್ನಂಪೇಟೆ ಫಾರೆಸ್ಟ್ರಿ ಹಾಕಿದಳು, ಅದರ ಕೆಳಗೆ ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳು. "ನಾನು ಬೆರಳು ತೋರಿಸಿ ಇದು ಕೆಳಗೆ ಹೋಗಲಿ ಎಂದೆ. ಅವಳು ಸರಿಸಲಿಲ್ಲ," ಎಂದು ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ ಡೀಸೆಲ್ ಎಷ್ಟು ಖರ್ಚಾಯಿತು ಎಂಬ ಮಾತಿಗೆ ಹೋಗಿದ್ದೀರಿ. ನಾನು ಮಾತ್ರ ಅಲ್ಲೇ ನಿಂತೆ.

ಯಾಕೆಂದರೆ ಸಿಇಟಿಯ ಪಟ್ಟಿ ಓಡುವುದು ಮೇಲಿನಿಂದ ಕೆಳಕ್ಕೆ. ಮಗು ಬರೆದ ಮೊದಲ ಆಯ್ಕೆಗೆ ರ‍್ಯಾಂಕು ಸಾಕಾಗುತ್ತದೆಯೇ ಎಂದು ಕಂಪ್ಯೂಟರ್ ನೋಡುತ್ತದೆ. ಸಾಕಾದರೆ ಅಲ್ಲೇ ನಿಲ್ಲುತ್ತದೆ, ಕೆಳಗಿನ ಸಾಲುಗಳನ್ನು ಮುಟ್ಟುವುದೇ ಇಲ್ಲ. ಎಂಜಿನಿಯರಿಂಗ್, ಕೃಷಿ, ಅರಣ್ಯ ಎಲ್ಲವೂ ಒಂದೇ ಪಟ್ಟಿಯಲ್ಲಿ, ಮಗು ಇಟ್ಟ ಕ್ರಮದಲ್ಲಿ. ಹಂಚಿಕೆಯ ಪತ್ರದಲ್ಲಿ ಕಾಣುವುದು ಸಿಕ್ಕ ಸೀಟು, ಬೇಡವೆಂದು ಕೆಳಗಿಟ್ಟ ಸೀಟುಗಳಲ್ಲ. ಅದಕ್ಕೇ ಫಾರೆಸ್ಟ್ರಿ ಎಂದ ಕೂಡಲೇ ಗುಂಪಿನಲ್ಲಿ ಯಾರಾದರೂ 'ಪಾಪ, ಬೇರೆ ಸಿಗಲಿಲ್ಲವಾ?' ಎಂದು ಕೇಳಿಯೇ ಕೇಳುತ್ತಾರೆ. ಸಿಗದೆ ಅಲ್ಲ, ಕೇಳದೆ ಎಂದು ಇಡೀ ಒಕ್ಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರೂ ಅಂದು ಜೀಪಿನಲ್ಲಿದ್ದರು. ಅವರಲ್ಲಿ ಒಬ್ಬರು ಸುಮ್ಮನಾದರು.

ಸೀಟು ಬಂದ ಮೇಲೂ ಅವಳೇ ಚಾಯ್ಸ್ ಒಂದನ್ನು ಒತ್ತಿದಳು ಎಂದಿದ್ದೀರಿ. ಚಾಯ್ಸ್ ಎರಡು ಅಂದರೆ ಈ ಸೀಟು ಕೈಯಲ್ಲಿಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಚಾಯ್ಸ್ ಒಂದು ಅಂದರೆ ಇದೇ ಸಾಕು, ಫೀಸು ಕಟ್ಟಿ ಸೇರುತ್ತೇನೆ. ಅವಳದು ಮೊದಲ ಆಯ್ಕೆಯೇ ಆಗಿದ್ದಾಗ ಮೇಲೆ ಕಾಯಲು ಏನು ಉಳಿದಿತ್ತು? ಹದಿನೆಂಟರ ಹುಡುಗಿಗೆ ಇಷ್ಟು ಗಟ್ಟಿ ಮನಸ್ಸಿರುವುದನ್ನು ನಾನು ಕಂಡದ್ದು ಕಡಿಮೆ. (ನನ್ನ ಮಗ ಇದೇ ವಯಸ್ಸಿನಲ್ಲಿ ಹೋಟೆಲಿನಲ್ಲಿ ಮಸಾಲೆ ದೋಸೆಯೋ ಸೆಟ್ ದೋಸೆಯೋ ಎಂದು ತೀರ್ಮಾನಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ.)

ನಿಮ್ಮ ಮಗಳ ಮುನಿಸು ಹಂಚಿಕೊಂಡದ್ದಕ್ಕಲ್ಲ, ಸುಬೇದಾರರೇ. ಏಪ್ರಿಲ್‌ನಲ್ಲಿ 562 ಹಾಕಿದಾಗ ಅವಳು ತಕರಾರು ಮಾಡಿದಳು ಎಂದು ನೀವು ಎಲ್ಲೂ ಬರೆದಿಲ್ಲ. ಅವಳಿಗೆ ಚುಚ್ಚಿದ್ದು ಆಗಸ್ಟ್‌ನ ಮೌನ. ಅಂಕ ಬಂದಾಗ 'ನನ್ನ ಮಗಳು' ಎಂದಿರಿ, ಅವಳು ತಾನೇ ಆರಿಸಿದ್ದು ಬಂದಾಗ ಅದೇ ಗುಂಪಿಗೆ ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದು ಸೊಪ್ಪಿನ ಪಾಯಸ ಹೋಯಿತು. ಪಾಯಸದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ನೇರಳೆ ಬಟ್ಟಲಿನ ಚಿತ್ರವನ್ನು ಅವಳು ಯಾವ ಕಣ್ಣಿನಿಂದ ನೋಡಿರಬಹುದು ಎಂದು ಒಮ್ಮೆ ಯೋಚಿಸಿ.

ನಿಮ್ಮನ್ನು ಬಯ್ಯುವಷ್ಟು ದೊಡ್ಡವನು ನಾನಲ್ಲ. ನಮ್ಮ ಪತ್ರಿಕೆಯಲ್ಲೇ ವರ್ಷಕ್ಕೊಮ್ಮೆ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೊ ಪುಟ ಬರುತ್ತದಲ್ಲ, ಅದನ್ನು ಶುರು ಮಾಡಿದವನೇ ನಾನು. ಕೆಲವು ವರ್ಷದ ಹಿಂದೆ ಒಂದು ಮನೆಯ ದೊಡ್ಡ ಮಗನ ಫೋಟೊ ಹಾಕಿದ್ದೆವು. ಎರಡು ವರ್ಷ ಕಳೆದು ಚಿಕ್ಕವನ ಫಲಿತಾಂಶ ಬಂದಾಗ ನಾನೇ ಉತ್ಸಾಹದಿಂದ ಫೋನ್ ಮಾಡಿ "ಈ ಸಲದ ಫೋಟೊ ಕಳಿಸಿ" ಎಂದೆ. ಆ ತಾಯಿ ದನಿ ತಗ್ಗಿಸಿ "ಈ ವರ್ಷ ಬೇಡ ಸಾರ್, ಹೇಳಿಕೊಳ್ಳುವ ಹಾಗೇನಿಲ್ಲ" ಎಂದರು. ದನಿ ತಗ್ಗಿಸಿದ್ದು ಸಾಲಲಿಲ್ಲ. ಹಿಂದಿನಿಂದ ಹುಡುಗನ ಮಾತು ಕೇಳಿಸಿತು: "ಪಾಸಾಗಿದ್ದಾನೆ ಅಂತಾದರೂ ಹೇಳಮ್ಮ." ನಾನು ಏನೋ ನೆವ ಹೇಳಿ ಫೋನ್ ಇಟ್ಟೆ. ಆ ವರ್ಷವೂ ಪುಟ ಬಂತು, ಚೆನ್ನಾಗಿಯೇ ಬಂತು. ಮರುವರ್ಷದಿಂದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದೆವು, ವಿದ್ಯಾರ್ಥಿಯೇ ಸಹಿ ಮಾಡಬೇಕು ಎಂದು. ಫೋಟೊಗಳು ಕಡಿಮೆಯಾದವು. ಪುಟವನ್ನೇ ನಿಲ್ಲಿಸುವಷ್ಟು ಧೈರ್ಯ ನನಗೆ ಬರಲಿಲ್ಲ, ಅದಕ್ಕೆ ಬರುವ ಜಾಹೀರಾತೂ ಒಂದು ಕಾರಣ ಎಂದು ಒಪ್ಪಿಕೊಳ್ಳುತ್ತೇನೆ.

ಒಂದು ಮಾತು ಮಾತ್ರ ಗದರಿಸಿಯೇ ಹೇಳಬೇಕು. ಏಪ್ರಿಲ್‌ನ ಸ್ಕ್ರೀನ್‌ಶಾಟಿನಲ್ಲಿ ಅವಳ ನೋಂದಣಿ ಸಂಖ್ಯೆಯೂ ಇತ್ತು ಎಂದಿದ್ದೀರಿ. ಪಿಯುಸಿ ಫಲಿತಾಂಶ ನೋಡಲು ಆ ಸಂಖ್ಯೆ ಮತ್ತು ಓದಿದ ವಿಭಾಗ ಇಷ್ಟು ಗೊತ್ತಿದ್ದರೆ ಸಾಕು, ವಿಷಯವಾರು ಅಂಕವೆಲ್ಲ ಯಾರ ಮೊಬೈಲಿನಲ್ಲಾದರೂ ಬರುತ್ತದೆ. ಸಿಇಟಿಯ ಕಾಗದಗಳಲ್ಲೂ ಇಂಥ ಸಂಖ್ಯೆಗಳಿರುತ್ತವೆ. ನೀವು ಫೌಜಿನಲ್ಲಿದ್ದವರು, ಯಾವ ಕಾಗದ ಯಾರ ಕೈಗೆ ಹೋಗಬೇಕು ಎಂದು ನಾನು ಹೇಳಿಕೊಡಬೇಕೇ?

ಈಗ ಏನು ಮಾಡಲಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ಇದನ್ನು ಓದಿದ ಕೂಡಲೇ ಸೀಟಿನ ಪತ್ರ ತೆಗೆದು ಗುಂಪಿಗೆ ಹಾಕಬೇಡಿ, ದಂಡ ಕಟ್ಟಿದ ಹಾಗೆ ಕಾಣುತ್ತದೆ. ಅವಳನ್ನೇ ಕೇಳಿ: ಹಾಕಲಾ, ಬೇಡವಾ? ಬೇಡ ಎಂದರೆ ಬಿಡಿ. ಹಾಕಿ ಎಂದರೆ ಸೀಟಿನ ಹೆಸರಿನ ಜೊತೆ 'ಅವಳ ಮೊದಲ ಆಯ್ಕೆ' ಎಂಬ ಮೂರು ಪದ ಸೇರಿಸಿ. ಮುಂದಿನ ವರ್ಷ ಒಕ್ಕದ ಇನ್ನೊಂದು ಮಗು ಪೊನ್ನಂಪೇಟೆಯನ್ನು ಮೊದಲ ಸಾಲಿನಲ್ಲಿ ಹಾಕಲು ಅಂಜದಿರಲಿಕ್ಕೆ ಅಷ್ಟು ಬೇಕಾಗುತ್ತದೆ. ಆ ಕಾಲೇಜು 1995ರಿಂದ ಇದೆ, ನಾಪೋಕ್ಲಿನಿಂದ ವಿರಾಜಪೇಟೆ ದಾಟಿದರೆ ಸಿಕ್ಕಿತು. 1200ಕ್ಕೂ ಹೆಚ್ಚು ದೇವರಕಾಡು ಇರುವ, ಸಂಜೆಯಾದರೆ ಆನೆಗೆ ಹೆದರಿ ತೋಟದ ದಾರಿ ಬಿಡುವ ಜಿಲ್ಲೆಯಲ್ಲಿ ಕಾಡು ಓದಲು ಹೊರಟವಳ ಬಗ್ಗೆ ನಾವೇ ನಾಚಿಕೊಂಡರೆ ಬೆಂಗಳೂರಿನವರು ಏನೆಂದಾರು?

ಅವಳನ್ನು ಹಾಸ್ಟೆಲಿಗೆ ಬಿಡಲು ಬಸ್ಸಿಗೆ ಹತ್ತಿಸುತ್ತೇನೆ ಎಂದು ಬರೆದಿದ್ದೀರಿ. ಜೀಪಿನಲ್ಲೇ ಹೋಗಿ. ಡೀಸೆಲಿನ ಲೆಕ್ಕ ಆಮೇಲೆ ನೋಡಿದರಾಯಿತು.

ಅಂದ ಹಾಗೆ, ನೀವು 3 ಇಂಚು 20 ಸೆಂಟು ಬರೆದ ದಿನ ನಮ್ಮ ಕಚೇರಿಯ ಹಿತ್ತಲಿನಲ್ಲಿ 4 ಇಂಚು 5 ಸೆಂಟು. ಮಾಪಕ ಮಾಡಿನ ನೀರು ಬೀಳುವ ಜಾಗದಲ್ಲಿದೆ ಎಂದು ನಮ್ಮ ಕಂಪೋಸಿಂಗ್ ಹುಡುಗ ತಕರಾರು ಎತ್ತಿದ್ದಾನೆ. ಮಳೆ ಬಿಟ್ಟ ಮೇಲೆ ಸರಿಸಿ ಇಡಬೇಕು.

ಸಂಪಾದಕ